ರೋಗಿಯನ್ನು ನೋಡಿಕೊಳ್ಳುವವರ ಕೈ ಒಡೆಯದಿರಲು

ಬೇಸಿಗೆಯಲ್ಲಿ ಕಲಬುರಗಿಯ ತಾಪಮಾನ 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವಿರುವುದಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೂ ಆಸ್ಪತ್ರೆಯ ಆಯಾಗೂ ಕೈ ಒಡೆಯಲು ಇನ್ನೇನು ಬೇಕು? ದಿನಕ್ಕೆ 20ಕ್ಕಿಂತ ಹೆಚ್ಚು ಸಲ ಕೈ ತೊಳೆದರೆ ಅಥವಾ ಎರಡು ಗಂಟೆಗಿಂತ ಹೆಚ್ಚು ಹೊತ್ತು ಕೈ ಒದ್ದೆಯಾಗಿದ್ದರೆ ಇಸುಬಿನ ಅಪಾಯ ಹೆಚ್ಚು. ತುರಿಕೆ ಬಹಳ ಸಲ ಬೆರಳ ಸಂದಿನಲ್ಲೇ ಶುರುವಾಗುತ್ತದೆ.

ಕೆಲಸಕ್ಕೆ ಇಳಿಯುವ ಮುನ್ನ ಉಂಗುರ ತೆಗೆದಿಡಿ. ಅದರಡಿ ಸೋಪು ಉಳಿಯುತ್ತದೆ. ಬಿಸಿನೀರು ಚರ್ಮದ ಜಿಡ್ಡನ್ನು ಬೇಗ ತೆಗೆಯುವುದರಿಂದ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಸಾಕು. ಮೊದಲು ಕೈ ಒದ್ದೆ ಮಾಡಿ, ಆಮೇಲೆ ಸೋಪು ಹಚ್ಚಿ. ತೊಳೆದ ಮೇಲೆ ಉಜ್ಜದೆ ಒತ್ತಿ ಒರೆಸಿ.

ಸ್ಯಾನಿಟೈಸರ್ ಉರಿಯುತ್ತದೆಂದು ಅದನ್ನು ಬಿಟ್ಟು ಸೋಪಿಗೆ ಮರಳುವವರೇ ಹೆಚ್ಚು. ಉರಿಯುವುದು ಚರ್ಮ ಮೊದಲೇ ಒಡೆದಿರುವುದರಿಂದ. ಕೊಳೆ ಕಾಣದಿದ್ದಾಗ ಗ್ಲಿಸರಿನ್ ಇರುವ ಆಲ್ಕೋಹಾಲ್ ಸ್ಯಾನಿಟೈಸರ್ ಸೋಪಿಗಿಂತ ಚರ್ಮಕ್ಕೆ ಹಿತ. 20–30 ಸೆಕೆಂಡು, ಪೂರ್ತಿ ಆರುವವರೆಗೆ ಉಜ್ಜಿ. ಮಲಮೂತ್ರ ಅಥವಾ ರಕ್ತ ತಾಗಿದ್ದರೆ, ರೋಗಿಗೆ ಭೇದಿಯಿದ್ದರೆ ಮಾತ್ರ ಸೋಪು–ನೀರೇ ಬೇಕು. ಒಂದರ ಬೆನ್ನಿಗೇ ಇನ್ನೊಂದನ್ನು ಬಳಸುವುದು ಕೈಗೆ ದುಬಾರಿ.

ಗ್ಲೌಸ್ ಹಾಕುವಾಗ ಕೈ ಒಣಗಿರಲಿ. ಪುಡಿ ಇಲ್ಲದ ನೈಟ್ರೈಲ್ (ಕೃತಕ ರಬ್ಬರ್) ಗ್ಲೌಸ್ ಒಳ್ಳೆಯದು. ಲ್ಯಾಟೆಕ್ಸ್ (ಸಹಜ ರಬ್ಬರ್) ಕೆಲವರಿಗೆ ಅಲರ್ಜಿ. ಪೆಟ್ರೋಲಿಯಂ ಜೆಲ್ಲಿ, ಎಣ್ಣೆ ಹಚ್ಚಿಕೊಂಡು ಲ್ಯಾಟೆಕ್ಸ್ ತೊಡಬೇಡಿ, ಹರಿದುಹೋಗುತ್ತದೆ. ಬೆವರಿದೊಡನೆ ಬದಲಿಸಿ. ಫಿನಾಯಿಲ್ ಮುಟ್ಟುವಾಗ ದಪ್ಪ ರಬ್ಬರ್ ಗ್ಲೌಸ್, ಒಳಗೆ ಹತ್ತಿಯದು.

ಮನೆಗೆ ಬಂದರೆ ಚರ್ಮಕ್ಕೆ ಎರಡನೇ ಪಾಳಿ: ರೊಟ್ಟಿಗೆ ಬಿಸಿನೀರಿನ ಹಿಟ್ಟು ನಾದುವುದು, ಮೆಣಸಿನಕಾಯಿ ಹೆಚ್ಚುವುದು, ಪಾತ್ರೆ ತಿಕ್ಕುವುದು. ಕೈ ಒಡೆದಿರುವಷ್ಟು ದಿನ ಈ ಕೆಲಸ ಮನೆಯ ಬೇರೆಯವರ ಪಾಲಿಗಿರಲಿ. ಗಂಡಸರಿಗೂ ಪಾತ್ರೆ ತಿಕ್ಕಲು ಬರುತ್ತದೆ.

ಪಾಳಿ ಮುಗಿದಾಗ ಮತ್ತು ಮಲಗುವ ಮುನ್ನ ಸುವಾಸನೆಯಿಲ್ಲದ ಕ್ರೀಮನ್ನು ಬೆರಳ ಸಂದಿಗೂ ಹಚ್ಚಿ. ದುಬಾರಿಯದು ಬೇಡ, ಪೆಟ್ರೋಲಿಯಂ ಜೆಲ್ಲಿ ಸಾಕು.

ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಟ್ಯೂಬಿನಿಂದ ದೂರವಿರಿ. ಬೇಗ ಗುಣವಾದಂತೆ ಕಂಡರೂ, ಬಹುದಿನ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಹುಳುಕಡ್ಡಿಯಿದ್ದರೆ ಹಬ್ಬುತ್ತದೆ. ಕೀವು, ನೀರುಗುಳ್ಳೆ ಕಂಡರೆ, ಎರಡು ವಾರವಾದರೂ ಮಾಯದಿದ್ದರೆ ಚರ್ಮವೈದ್ಯರನ್ನು ಕಾಣಿ. ಹೋಗುವಾಗ ಬಳಸುವ ಸೋಪು, ಗ್ಲೌಸ್, ಫಿನಾಯಿಲ್‌ಗಳ ಲೇಬಲ್‌ಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋಗಿ. ರಜೆಯ ದಿನಗಳಲ್ಲಿ ಕೈ ಸುಧಾರಿಸುತ್ತದೆಯೇ ಎಂಬುದನ್ನೂ ತಪ್ಪದೆ ಹೇಳಿ.