ಮುಚ್ಚಳ ಹಾಕಿ ತೆಗೆದ ಫೋಟೊಗಳು

ನಾನು ಮೊದಲು ಕ್ಯಾಮೆರಾದಲ್ಲಿ ಹಿಡಿದ ನೀಹಾರಿಕೆ ಎಂ42, ಮಹಾವ್ಯಾಧ ನಕ್ಷತ್ರಪುಂಜದ ಕತ್ತಿಯಲ್ಲಿರುವ ಓರಿಯನ್ ನೆಬ್ಯುಲಾ. 200 ಮಿಮೀ ಲೆನ್ಸ್, ಆಕಾಶ ತಿರುಗುವ ವೇಗದಲ್ಲೇ ಕ್ಯಾಮೆರಾ ತಿರುಗಿಸುವ ಚಿಕ್ಕದೊಂದು ಟ್ರ್ಯಾಕರ್, 30 ಸೆಕೆಂಡಿನ 40 ಫೋಟೊ. ಒಟ್ಟು 20 ನಿಮಿಷದ ಬೆಳಕು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಗುಲಾಬಿ ಮೋಡ ಕಂಡು ಕುಣಿದಾಡಿದ್ದೆ. ಕಂಪ್ಯೂಟರಿನಲ್ಲಿ ಎಲ್ಲವನ್ನೂ ಸ್ಟ್ಯಾಕ್ ಮಾಡಿ, ಅಂದರೆ ಒಂದರ ಮೇಲೊಂದು ಪೇರಿಸಿ ಒಂದೇ ಚಿತ್ರ ಮಾಡಿ, ಕತ್ತಲಲ್ಲಿ ಅಡಗಿದ್ದನ್ನು ಹೊರಗೆಳೆಯಲು ಹೋದಾಗ ಬಣ್ಣ ಬಯಲಾಯಿತು. ಮಧ್ಯ ಬೆಳ್ಳಗೆ, ಮೂಲೆಗಳು ಕಪ್ಪು. ಅಲ್ಲಲ್ಲಿ ಉಂಗುರದಂಥ ಕಲೆ. ಇಡೀ ಚಿತ್ರದ ಮೇಲೆ ಓರೆಯಾಗಿ ಮಳೆ ಸುರಿದ ಹಾಗೆ ಕೆಂಪು, ಹಸಿರು ಗೀರುಗಳು.

ಲೆನ್ಸೇ ಸರಿ ಇಲ್ಲ ಅಂದುಕೊಂಡೆ. ಮೊದಲು ಬೈಸಿಕೊಳ್ಳುವುದು ಸಾಮಾನೇ ಅಲ್ವಾ? ತಪ್ಪು ನನ್ನದಾಗಿತ್ತು. ಕ್ಯಾಮೆರಾ, ಲೆನ್ಸಿನ ದೋಷಗಳನ್ನು ಆಮೇಲೆ ಅಳಿಸಲು ಬೇಕಾದ ಕ್ಯಾಲಿಬ್ರೇಶನ್ ಫ್ರೇಮ್ (ಡಾರ್ಕ್, ಬಯಸ್, ಫ್ಲಾಟ್ ಎಂಬ ಫೋಟೊಗಳು) ತೆಗೆಯುವುದು ಸುಮ್ನೆ ಟೈಮ್ ವೇಸ್ಟ್ ಅಂತ ಬಿಟ್ಟುಬಿಟ್ಟಿದ್ದೆ.

ಮುಂದಿನ ಅಮಾವಾಸ್ಯೆಗೆ ಡಾರ್ಕ್ ತೆಗೆದೆ. ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್‌ಓ, ಅದೇ 30 ಸೆಕೆಂಡಿನಲ್ಲಿ ಕಪ್ಪು ಫೋಟೊ ತೆಗೆಯುವುದು. ಬೆಳಕೇ ಇಲ್ಲದಿದ್ದರೂ ಸೆನ್ಸರ್ ತನ್ನ ಬಿಸಿಗೇ ಒಂದಿಷ್ಟು ಚುಕ್ಕೆ ಹುಟ್ಟಿಸುತ್ತದೆ. ಡಾರ್ಕ್ ಆ ಚುಕ್ಕೆಗಳ ನಕ್ಷೆ. ಸಾಫ್ಟ್‌ವೇರ್ ಅದನ್ನು ನಿಜವಾದ ಫೋಟೊಗಳಿಂದ ಕಳೆಯುತ್ತದೆ. ಆದರೆ ರಾತ್ರಿ ನಿದ್ದೆ ಬಂದಿತ್ತು. ಮರುದಿನ ಮಧ್ಯಾಹ್ನ ರೂಮಿನಲ್ಲಿ ಕೂತು ತೆಗೆದೆ. ರಾತ್ರಿಯ ತಂಪೆಲ್ಲಿ, ಹಗಲಿನ ಸೆಕೆ ಎಲ್ಲಿ! ಸೆನ್ಸರ್ ಸುಮಾರು 6 ಡಿಗ್ರಿ ಬಿಸಿಯಾದರೆ ಈ ಕಾಟ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಇರುವುದಕ್ಕಿಂತ ಜಾಸ್ತಿ ಕಳೆದು, ಚಿತ್ರದ ತುಂಬ ಸೂಜಿಯಲ್ಲಿ ಚುಚ್ಚಿದಂಥ ಕಪ್ಪು ತೂತು. ಈಗ ಕೊನೆಯ ಫೋಟೊ ಮುಗಿದ ಕೂಡಲೇ ಮುಚ್ಚಳ ಹಾಕುತ್ತೇನೆ. ಉಳಿದ ಸಾಮಾನು ಕಟ್ಟುವಷ್ಟರಲ್ಲಿ 20 ಡಾರ್ಕ್ ಆಗಿರುತ್ತದೆ. ಡಿಎಸ್‌ಎಲ್‌ಆರ್ ಆದರೆ ವ್ಯೂಫೈಂಡರನ್ನೂ ಮುಚ್ಚಿ, ಟಾರ್ಚ್ ಬೆಳಕು ಅಲ್ಲಿಂದಲೂ ಒಳಗೆ ನುಸುಳುತ್ತದೆ.

ಸೆನ್ಸರನ್ನು ಓದುವಾಗ ಕ್ಯಾಮೆರಾ ತಾನೇ ಸೇರಿಸುವುದನ್ನು ಹಿಡಿಯುವ ಬಯಸ್ ಫ್ರೇಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಚ್ಚಳ ಹಾಕಿ, ಕ್ಯಾಮೆರಾದ ಅತಿ ವೇಗದ ಶಟರಿನಲ್ಲಿ 50 ಫೋಟೊ. ಒಂದು ನಿಮಿಷದ ಕೆಲಸ.

ಫ್ಲಾಟ್ ಮಾತ್ರ ನನ್ನನ್ನು ಚೆನ್ನಾಗಿ ಸತಾಯಿಸಿತು. ಕಪ್ಪು ಮೂಲೆಗೂ, ಧೂಳಿನ ಉಂಗುರಕ್ಕೂ ಮದ್ದು ಇದೇ. ಒಂದೇ ಸಮನಾದ ಬೆಳಕಿನ ಫೋಟೊ ತೆಗೆದರೆ ಎಲ್ಲಿ ಎಷ್ಟು ಬೆಳಕು ತಡೆದಿದೆ ಅಂತ ಅದರಲ್ಲಿ ಬರುತ್ತದೆ. ಡಾರ್ಕನ್ನು ಕಳೆಯುತ್ತೇವೆ, ಫ್ಲಾಟಿನಿಂದ ಭಾಗಿಸುತ್ತೇವೆ. ಮೊದಲ ಸಲ ಲ್ಯಾಪ್‌ಟಾಪಿನ ಬಿಳಿ ಪರದೆಯನ್ನು ನೇರವಾಗಿ ಲೆನ್ಸಿಗೆ ಹಿಡಿದೆ. ಬೆಳಕು ಜಾಸ್ತಿಯಾಗಿ ಶಟರ್ ತೀರಾ ವೇಗವಾಯಿತು. ಪರದೆಯ ಮಿಣುಕು ಅಡ್ಡ ಪಟ್ಟಿಗಳಾಗಿ ಬಂತು. ಬಿಳಿ ಟೀ ಶರ್ಟನ್ನು ಎರಡು ಮಡಿಕೆ ಮಾಡಿ ಲೆನ್ಸಿನ ಬಾಯಿಗೆ ಬಿಗಿದು, ಶಟರ್ 1/20 ಸೆಕೆಂಡಿಗೆ ಇಳಿದ ಮೇಲೆ ಪಟ್ಟಿ ಮಾಯ. ಹಿಸ್ಟೋಗ್ರಾಮಿನ, ಅಂದರೆ ಎಡಕ್ಕೆ ಕತ್ತಲು ಬಲಕ್ಕೆ ಬೆಳಕು ಎಷ್ಟಿದೆ ಅಂತ ಕ್ಯಾಮೆರಾ ತೋರಿಸುವ ನಕ್ಷೆಯ, ಗುಡ್ಡ ನಡುವೆ ಎಲ್ಲೋ ಇದ್ದರೆ ಸಾಕು.

ಎರಡನೇ ಸಲ ಮಾಡಿದ ತಪ್ಪು ಇನ್ನೂ ದೊಡ್ಡದು. ಲೆನ್ಸ್ ಬಿಚ್ಚಿ ಬ್ಯಾಗಿಗೆ ಹಾಕಿ, ಮನೆಗೆ ಬಂದು ಮತ್ತೆ ಜೋಡಿಸಿ ಫ್ಲಾಟ್ ತೆಗೆದೆ. ಅಷ್ಟರಲ್ಲಿ ಧೂಳು ಜಾಗ ಬದಲಿಸಿತ್ತು. ಹಳೆಯ ಕಪ್ಪು ಉಂಗುರ ಹೋಗಲಿಲ್ಲ, ಪಕ್ಕದಲ್ಲಿ ಬಿಳಿ ಉಂಗುರವೂ ಬಂದು ಕೂತಿತು. ಫೋಕಸ್, ಅಪರ್ಚರ್, ಕ್ಯಾಮೆರಾ ಕೂತ ಕೋನ, ಇವು ಮೂರನ್ನೂ ಮುಟ್ಟದೆ ಅಲ್ಲೇ ಫ್ಲಾಟ್ ಮುಗಿಸಬೇಕು. ಒಂದನ್ನೇ ತೆಗೆಯುವಷ್ಟು ಸಮಯ ಇದ್ದರೆ ನಾನು ಡಾರ್ಕ್ ಬಿಟ್ಟು ಫ್ಲಾಟ್ ತೆಗೆಯುತ್ತೇನೆ. ಬೇರೆಯವರು ಒಪ್ಪಲಿಕ್ಕಿಲ್ಲ.

ಓರೆ ಗೀರುಗಳು ಮಾತ್ರ ಡಾರ್ಕಿಗೂ ಪೂರ್ತಿ ಬಗ್ಗಲಿಲ್ಲ. ಟ್ರ್ಯಾಕರ್ ನಿಧಾನಕ್ಕೆ ಒಂದೇ ಕಡೆ ಸರಿಯುತ್ತದೆ. ಸ್ಟ್ಯಾಕ್ ಮಾಡುವಾಗ ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿದರೆ ಸೆನ್ಸರಿನ ಕಲೆಗಳು ಸಾಲಾಗಿ ಎಳೆದುಕೊಳ್ಳುತ್ತವೆ. ಈಗ ಪ್ರತಿ 5 ಫೋಟೊಗೊಮ್ಮೆ ಟ್ರ್ಯಾಕರಿನ ತಿರುಪನ್ನು ಒಂದು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತೇನೆ. ಇದನ್ನೇ ಡಿದರಿಂಗ್ ಅನ್ನುತ್ತಾರೆ. ಕೈಯಲ್ಲೇ ಮಾಡುವುದು ಒರಟು ಉಪಾಯ, ಆದರೆ ಗೀರು ಹೋಯಿತು.

ಆಮೇಲೆ ಎಕ್ಸ್‌ಪೋಶರ್ ಉದ್ದ ಮಾಡುವ ಆಸೆ. 30ರಿಂದ 120 ಸೆಕೆಂಡಿಗೆ ಹಾರಿದೆ. ನಕ್ಷತ್ರಗಳೆಲ್ಲ ಮೊಟ್ಟೆ! ಟ್ರ್ಯಾಕರನ್ನು ಆಕಾಶದ ಧ್ರುವಕ್ಕೆ ನೇರ ಮಾಡಲು ಅದರಲ್ಲಿರುವ ಪುಟ್ಟ ದೂರದರ್ಶಕ, ಪೋಲಾರ್ ಸ್ಕೋಪಿನ ನಟ್ಟನಡುವೆ ಧ್ರುವ ನಕ್ಷತ್ರವನ್ನು ತಂದು ಕೂರಿಸಿ, ಇನ್ನೇನು ಬೇಕು ಅಂತ ಬೀಗುತ್ತಿದ್ದೆ. ಧ್ರುವ ನಕ್ಷತ್ರ ನಿಜವಾದ ಧ್ರುವದಲ್ಲಿ ಇಲ್ಲ. ಸುಮಾರು 0.6 ಡಿಗ್ರಿ ಪಕ್ಕಕ್ಕಿದೆ, ಅಂದರೆ ಹುಣ್ಣಿಮೆ ಚಂದ್ರನ ಅಗಲಕ್ಕಿಂತಲೂ ಹೆಚ್ಚು. ಸ್ಕೋಪಿನ ಒಳಗೆ ಗೀಚಿರುವ ವೃತ್ತದ ಮೇಲೆ, ಆ ಹೊತ್ತಿಗೆ ಸರಿಯಾದ ಜಾಗದಲ್ಲಿ ಅದನ್ನು ಇಡಬೇಕು. ಯಾವ ಜಾಗ ಅಂತ ಮೊಬೈಲ್ ಆ್ಯಪ್ ಹೇಳುತ್ತದೆ. ಹಾಗೆ ಮಾಡಿದ ರಾತ್ರಿ ನಕ್ಷತ್ರಗಳು ಮತ್ತೆ ಚುಕ್ಕೆಗಳಾದವು.

120 ಬಂತಲ್ಲ, 180 ನೋಡೋಣ ಅಂತ ಹೋದೆ. ಆಕಾಶವೇ ಬಿಳಚಿಕೊಂಡಿತು. ಗಾಳಿ ಒಮ್ಮೆ ಬೀಸಿದರೆ ಮೂರು ನಿಮಿಷ ನೀರುಪಾಲು. ಹಿಸ್ಟೋಗ್ರಾಮಿನ ಗುಡ್ಡ ಎಡಗೋಡೆ ಬಿಟ್ಟು ಕಾಲು ಭಾಗದಷ್ಟು ಈಚೆ ಬಂದರೆ ಒಂದೊಂದು ಫೋಟೊಗೆ ಅಷ್ಟು ಸಾಕು. ಅಲ್ಲಿಂದಾಚೆಗೆ ಲಾಭ ಇರುವುದು ಫೋಟೊಗಳ ಸಂಖ್ಯೆಯಲ್ಲಿ. ನನ್ನ ಆಕಾಶಕ್ಕೆ 90 ಸೆಕೆಂಡ್ ಸರಿಹೋಯಿತು. ಎರಡು ರಾತ್ರಿಯಲ್ಲಿ 120 ಫೋಟೊ, ಒಟ್ಟು 3 ಗಂಟೆ. ಎರಡೂ ರಾತ್ರಿಗೆ ಬೇರೆ ಬೇರೆ ಫ್ಲಾಟ್. ಹಳೆಯ 20 ನಿಮಿಷದ 9 ಪಟ್ಟು ಬೆಳಕು ಸೇರಿದರೂ ನಾಯ್ಸ್ (ಚಿತ್ರದ ಮೇಲಿನ ಮರಳು ಚೆಲ್ಲಿದಂಥ ಕಾಳು) 9 ಪಟ್ಟು ಇಳಿಯುವುದಿಲ್ಲ. ವರ್ಗಮೂಲದ ಲೆಕ್ಕ, ಮೂರನೇ ಒಂದಕ್ಕೆ ಇಳಿಯುತ್ತದೆ. ಆ ಮೂರನೇ ಒಂದರಲ್ಲೇ ಎಂ42ರ ಪಕ್ಕದ ಇನ್ನೊಂದು ನೀಹಾರಿಕೆ ಎನ್‌ಜಿಸಿ 1977ರ ತೆಳು ನೀಲಿ ಕಾಣಿಸಿತು. ಹಳೆಯ ಚಿತ್ರದಲ್ಲಿ ಅದೇ ಜಾಗದಲ್ಲಿ ಇರುವುದು ಕಂದು ಕಲೆ, ಅದರ ಮೇಲೊಂದು ಧೂಳಿನ ಉಂಗುರ.

ಒಂದು ಎಡವಟ್ಟು ಉಳಿದಿದೆ. 90 ಸೆಕೆಂಡಿನಲ್ಲಿ ನೀಹಾರಿಕೆಯ ನಟ್ಟನಡುವಿನ ಟ್ರೆಪೀಜಿಯಂ ನಕ್ಷತ್ರಗಳು ಸುಟ್ಟು ಬೆಳ್ಳಗಾಗಿವೆ, ನಾಲ್ಕೂ ಸೇರಿ ಒಂದೇ ಗುಡ್ಡೆ. ಅದಕ್ಕೆ 5 ಸೆಕೆಂಡಿನ ಫೋಟೊಗಳನ್ನು ಬೇರೆಯಾಗಿ ತೆಗೆದು ಸೇರಿಸಬೇಕು. ಮುಂದಿನ ಅಮಾವಾಸ್ಯೆಗೆ ಅದೇ ಕೆಲಸ, ಮೋಡ ಬಿಟ್ಟರೆ.