ಉಂಗುರಕ್ಕೆ ಒಪ್ಪುವ ಹರಳು, ಓಲೆಗೆ ಒಪ್ಪುವ ಹರಳು

ಹರಳು ಕೂರಿಸುವುದು ನನ್ನ ಕಸುಬು. ಆಭರಣ ಮಾಡಿಸಲು ಬರುವವರು ಬಣ್ಣದಿಂದ ಮಾತು ಆರಂಭಿಸುತ್ತಾರೆ. ನಾನು ಮೊದಲು ಕೇಳುವುದು ಬೇರೆ: ಇದನ್ನು ಎಲ್ಲಿ ತೊಡುತ್ತೀರಿ, ದಿನವೂ ತೊಡುತ್ತೀರಾ? ಬೆರಳಿನ ಹರಳು ಬಾಗಿಲಿಗೆ, ಮೇಜಿಗೆ, ನಲ್ಲಿಗೆ ತಗಲುತ್ತಲೇ ಇರುತ್ತದೆ. ಕಿವಿಯದಕ್ಕೆ ಆ ಪಾಡಿಲ್ಲ. ಮೆದು ಹರಳಾದ ಓಪಲ್ ಬೇಕೆಂದು ಹಟ ಹಿಡಿದವರಿಗೆ ನಾನು ಓಲೆಯನ್ನೋ ಪದಕವನ್ನೋ ಸೂಚಿಸುವುದು ಇದಕ್ಕೇ.

ಯಾವುದು ಯಾವುದನ್ನು ಗೀರಬಲ್ಲದು ಎಂಬುದನ್ನು 1ರಿಂದ 10ರವರೆಗೆ ಅಳೆಯಲು ಜರ್ಮನ್ ಖನಿಜತಜ್ಞ ಫ್ರೀಡ್ರಿಕ್ ಮೊಹ್ಸ್ 1812ರಲ್ಲಿ ರೂಪಿಸಿದ ಕಾಠಿಣ್ಯದ ಮಾಪಕದಲ್ಲಿ ಎಲ್ಲರೂ ವಜ್ರದ 10ನ್ನು ನೆನಪಿಟ್ಟುಕೊಳ್ಳುತ್ತಾರೆ. ನನಗೆ ಹೆಚ್ಚು ಉಪಯೋಗಕ್ಕೆ ಬರುವ ಅಂಕಿ ಸ್ಫಟಿಕದ (ಕ್ವಾರ್ಟ್ಜ್) 7. ಮನೆಯ ದೂಳಿನಲ್ಲೂ ಸ್ಫಟಿಕದ ಸೂಕ್ಷ್ಮ ಕಣಗಳಿರುತ್ತವೆ. ಅದಕ್ಕಿಂತ ಮೆದುವಾದ ಓಪಲ್, ಹವಳ, ಮುತ್ತುಗಳನ್ನು ಒಣ ಬಟ್ಟೆಯಿಂದ ಉಜ್ಜಿದರೆ ಆ ಕಣಗಳೇ ಗೀರು ಎಳೆಯುತ್ತವೆ. ನಾನು ಮೊದಲು ಊದಿ, ಆಮೇಲೆ ಒದ್ದೆ ಮೆದು ಬಟ್ಟೆಯಿಂದ ಒರೆಸುತ್ತೇನೆ. ದಿನವೂ ತೊಡುವ ಉಂಗುರಕ್ಕೆ ಬಣ್ಣದ ಹರಳು ಬೇಕೆಂದರೆ 9ರ ಕಾಠಿಣ್ಯವುಳ್ಳ ಮಾಣಿಕ್ಯ, ನೀಲಗಳಷ್ಟು ನಿಶ್ಚಿಂತೆಯವು ಬೇರೆ ಇಲ್ಲ.

ಆದರೆ ಗೀರು ಬೀಳದ ಹರಳು ಒಡೆಯುವುದೂ ಇಲ್ಲ ಎಂದುಕೊಳ್ಳಬೇಡಿ. ವಜ್ರ ನಾಲ್ಕು ದಿಕ್ಕುಗಳಲ್ಲಿ ಸೀಳಬಲ್ಲದು. ಟೋಪಾಜ್‌ನ ಕಾಠಿಣ್ಯ 8 ಇದ್ದರೂ ಸರಿಯಾದ ದಿಕ್ಕಿನಲ್ಲಿ ಏಟು ಬಿದ್ದರೆ ನುಣ್ಣಗೆ ಎರಡಾಗುತ್ತದೆ. ಇನ್ನೊಂದೆಡೆ 7ನ್ನು ದಾಟದ ಜೇಡ್, ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ, ಏಟು ತಡೆದುಕೊಳ್ಳುತ್ತದೆ. ಮೂಲೆಗಳಿರುವ ಟೋಪಾಜ್ ಉಂಗುರಕ್ಕೆ ಬಂದರೆ ನಾನು ಹರಳನ್ನು ಹಿಡಿದಿಡುವ ಕೊಕ್ಕೆಗಳನ್ನು ನಂಬದೆ ಸುತ್ತಲೂ ಲೋಹದ ಅಂಚು ಕಟ್ಟುತ್ತೇನೆ. ಹೊಳಪು ಸ್ವಲ್ಪ ಕಡಿಮೆ ಕಾಣುತ್ತದೆ ಎಂಬ ದೂರನ್ನು ಸಂತೋಷದಿಂದ ಕೇಳಿಸಿಕೊಳ್ಳುತ್ತೇನೆ.

ನನ್ನ ಕೈ ತೀರಾ ನಿಧಾನವಾಗುವುದು ಪಚ್ಚೆಯ ಮುಂದೆ. ಹೆಚ್ಚಿನ ಪಚ್ಚೆಗಳಲ್ಲಿ ಹುಟ್ಟಿನಿಂದಲೇ ಬಿರುಕುಗಳಿರುತ್ತವೆ. ಅವು ಕಾಣದಂತೆ ಎಣ್ಣೆಯನ್ನೋ ರಾಳವನ್ನೋ ತುಂಬುವುದು ವ್ಯಾಪಾರದಲ್ಲಿ ಹಳೆಯ ರೂಢಿ. ಅದು ವಂಚನೆಯಲ್ಲ, ಹೇಳದೆ ಮಾರುವುದು ವಂಚನೆ. ಹತ್ತು ಪಟ್ಟು ಹಿಗ್ಗಿಸುವ ಲೂಪ್ ಹಿಡಿದು ಹರಳನ್ನು ಬೆಳಕಿನಲ್ಲಿ ಓರೆಯಾಗಿ ತಿರುಗಿಸುತ್ತೇನೆ. ಬಿರುಕು ಮೇಲ್ಮೈವರೆಗೆ ಬಂದಿದ್ದರೆ ಅದರ ಹತ್ತಿರ ಕೊಕ್ಕೆ ಒತ್ತುವುದಿಲ್ಲ. ಕಂಪನದಿಂದ ಶುಚಿಗೊಳಿಸುವ ಅಲ್ಟ್ರಾಸೋನಿಕ್ ತೊಟ್ಟಿ, ಹಬೆ, ಬಿಸಿನೀರು ಪಚ್ಚೆಗೆ ಬೇಡವೇ ಬೇಡ: ಎಣ್ಣೆ ಹೊರಬಂದು, ಮುಚ್ಚಿದ್ದ ಬಿರುಕುಗಳೆಲ್ಲ ಬೆಳ್ಳಗೆ ಎದ್ದು ಕಾಣುತ್ತವೆ. ಸೀಸದ ಗಾಜು ತುಂಬಿದ ಮಾಣಿಕ್ಯ ಇದಕ್ಕಿಂತ ನಾಜೂಕು. ನಿಂಬೆರಸವೂ ಆ ಗಾಜನ್ನು ತಿನ್ನಬಲ್ಲದು. ಲೂಪ್‌ನಲ್ಲಿ ಬಿರುಕುಗಳೊಳಗೆ ಗುಳ್ಳೆಗಳೋ ನೀಲಿ ಮಿಂಚೋ ಕಂಡರೆ ನನಗೆ ಅನುಮಾನ ಶುರು. ಕೇವಲ ಕಾಯಿಸಿ ಬಣ್ಣ ಸುಧಾರಿಸಿದ ಮಾಣಿಕ್ಯ, ನೀಲಗಳ ಬಗ್ಗೆ ಅಂಥ ಚಿಂತೆಯಿಲ್ಲ. ಆ ಬಣ್ಣ ಉಳಿಯುತ್ತದೆ. ದುಬಾರಿ ಹರಳಾದರೆ ಪ್ರಯೋಗಾಲಯದ ವರದಿ ತರಿಸಿ ಎನ್ನುತ್ತೇನೆ, ಏಕೆಂದರೆ ಲೂಪ್‌ಗೂ ಒಂದು ಮಿತಿಯಿದೆ.

ಮುತ್ತು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಬೆವರು, ಸುಗಂಧದ್ರವ್ಯ, ಹುಳಿ ಇವು ಅದರ ಮೈಯನ್ನು ಸವೆಸುತ್ತವೆ. ಅಲಂಕಾರವೆಲ್ಲ ಮುಗಿದ ಮೇಲೆ ತೊಟ್ಟು, ಬಂದ ಕೂಡಲೇ ತೆಗೆದು ಒರೆಸಿಡಬೇಕು. ಸರ ಪೋಣಿಸುವಾಗ ಪ್ರತಿ ಮುತ್ತಿನ ನಡುವೆ ರೇಷ್ಮೆ ದಾರದ ಗಂಟು ಹಾಕುತ್ತೇನೆ. ಮುತ್ತುಗಳು ಪರಸ್ಪರ ಉಜ್ಜುವುದಿಲ್ಲ, ದಾರ ಹರಿದರೂ ಎಲ್ಲವೂ ಚೆಲ್ಲಾಡುವುದಿಲ್ಲ. ಒದ್ದೆ ರೇಷ್ಮೆ ಹಿಗ್ಗುವುದರಿಂದ ಸರವನ್ನು ತೂಗುಹಾಕದೆ ಮಲಗಿಸಿಡಿ. ಓಪಲ್‌ನೊಳಗೆ ನೀರಿನಂಶ ಇರುತ್ತದೆ. ತೀರಾ ಒಣ, ಬಿಸಿ ಜಾಗದಲ್ಲಿ ಬಿರುಕು ಬಿಡಬಹುದು. ಅಮೆಥಿಸ್ಟ್ ಬಿಸಿಲಿನಲ್ಲಿ ಬಹಳ ಕಾಲ ಇದ್ದರೆ ಬಣ್ಣ ಮಂಕಾಗಬಹುದು.

ಯಾವ ಹರಳಾದರೂ ಅದಕ್ಕೊಂದು ಪ್ರತ್ಯೇಕ ಚೀಲವಿರಲಿ. ಒಂದೇ ಡಬ್ಬಿಯಲ್ಲಿ ವಜ್ರ ಉಳಿದವನ್ನೆಲ್ಲ ಗೀರುತ್ತದೆ. ಆಗಾಗ ಉಂಗುರವನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ತಟ್ಟಿ ನೋಡಿ. ಕಟಕಟ ಸದ್ದು ಬಂದರೆ ಹರಳು ಸಡಿಲವಾಗಿದೆ. ಕೊಕ್ಕೆಯ ಮೇಲೆ ಹತ್ತಿಯ ಎಳೆ ಹಾಯಿಸಿದಾಗ ಸಿಕ್ಕಿಕೊಂಡರೆ ಕೊಕ್ಕೆ ಎದ್ದಿದೆ. ಎರಡರಲ್ಲಿ ಯಾವುದು ಕಂಡರೂ ಉಂಗುರ ಬಿಚ್ಚಿಟ್ಟು ಅಕ್ಕಸಾಲಿಗನ ಬಳಿ ಒಯ್ಯಿರಿ. ಕೊಕ್ಕೆ ಬಿಗಿಸುವುದು ಸಣ್ಣ ಕೆಲಸ.