ಹಳ್ಳದ ಹಸಿರು ಪಟ್ಟಿ: ಕಲಂ 37ರಲ್ಲೇ ಮಾಡಿಸಿದ ವಲಯ ಬದಲಾವಣೆ

ಪುಣೆ ಜಿಲ್ಲೆಯ ಒಂದು ಪುರಸಭೆಯಲ್ಲಿ ಎರಡೂವರೆ ಕಿಲೋಮೀಟರ್ ಉದ್ದದ ಹಳ್ಳಕ್ಕೆ ಎರಡೂ ಬದಿ ತಲಾ ಒಂಬತ್ತು ಮೀಟರ್ ಲೆಕ್ಕದಲ್ಲಿ ವಸತಿ ವಲಯ ಈಗ ಹಸಿರು ಪಟ್ಟಿ ವಲಯವಾಗಿದೆ. ಸರ್ಕಾರದ ಮಂಜೂರಾತಿ ಬಂದಿದೆ, ಗೆಜೆಟ್‌ನಲ್ಲಿ ಅಚ್ಚಾಗಿದೆ. ಝೋನ್ ದಾಖಲೆ ಕೇಳಿದವರ ಕೈಗೆ ಹಸಿರು ಬಣ್ಣದ ಭಾಗ ನಕಾಶೆಯೇ ಸಿಗುತ್ತಿದೆ. ಇದು ಮಹಾರಾಷ್ಟ್ರದ ನಗರ ಯೋಜನಾ ಕಾಯ್ದೆಯಾದ ಎಂಆರ್‌ಟಿಪಿಯ ಕಲಂ 37ರಲ್ಲಿ, ಅಂದರೆ ಮಂಜೂರಾದ ಯೋಜನೆಗೆ ಸಣ್ಣ ಮಾರ್ಪಾಡಾಗಿ, ಆಗುವ ಕೆಲಸವಲ್ಲ, ಇಡೀ ಡಿಪಿ (ಊರಿನ ಅಭಿವೃದ್ಧಿ ಯೋಜನೆ) ಪರಿಷ್ಕರಣೆಗೇ ಕಾಯಬೇಕು, ಮಾಲೀಕರು ಒಬ್ಬರೂ ಒಪ್ಪುವುದಿಲ್ಲ ಎಂದು ನಮ್ಮ ವೃತ್ತಿಯವರೇ, ಅಂದರೆ ನಗರ ಯೋಜಕರೇ, ಹೇಳುತ್ತಿದ್ದರು. ಭೂಮಿಗೆ ಒಂದು ಪೈಸೆ ಪರಿಹಾರ ಕೊಡದೆ, ಯಾರ ಎಫ್‌ಎಸ್‌ಐಯನ್ನೂ (ಜಾಗದ ವಿಸ್ತೀರ್ಣಕ್ಕೆ ತಕ್ಕಂತೆ ಎಷ್ಟು ಕಟ್ಟಬಹುದು ಎಂಬ ಅನುಪಾತ) ಕಡಿತ ಮಾಡದೆ ಕೆಲಸ ಆಗಿದೆ. ಒಂದೆರಡು ಗಟ್‌ಗಳ (ಸರ್ವೆ ನಂಬರಿನ ಜಾಗಗಳ) ತಕರಾರು ಇನ್ನೂ ಕೋರ್ಟಿನಲ್ಲಿರುವುದರಿಂದ ಊರಿನ ಹೆಸರು ಬರೆಯುತ್ತಿಲ್ಲ. ಎಂಆರ್‌ಟಿಪಿ ಕಾಯ್ದೆ, ಯುಡಿಸಿಪಿಆರ್ (ರಾಜ್ಯದ ಏಕರೂಪ ಕಟ್ಟಡ ನಿಯಮಾವಳಿ), ಟಿಡಿಆರ್ (ಬೇರೆಡೆಗೆ ವರ್ಗಾಯಿಸಬಹುದಾದ ಕಟ್ಟುವ ಹಕ್ಕು), ಇವನ್ನು ಇದಕ್ಕಿಂತ ಹೆಚ್ಚು ವಿವರಿಸುವುದೂ ಇಲ್ಲ. ಬೆಂಗಳೂರು, ಹುಬ್ಬಳ್ಳಿ ಕಡೆ ಇದೇ ಕೆಲಸ ಮಾಡುವ ಗೆಳೆಯರು ಅಲ್ಲಿಯ ಕಾಯ್ದೆಗೆ ಹೊಂದಿಸಿಕೊಂಡು ಓದಬೇಕು.

ಮೊದಲು ಸೋತ ದಾರಿಗಳನ್ನು ಹೇಳಬೇಕು, ಏಕೆಂದರೆ ಎಲ್ಲರೂ ಹಿಡಿಯುವುದು ಅವನ್ನೇ. ಹಳ್ಳದ ದಂಡೆಗೆ ಉದ್ಯಾನದ ಮೀಸಲು ಹಾಕುವುದು ಮೊದಲನೆಯದು. ಖಾಸಗಿ ಜಾಗ ಮೂರೂವರೆ ಹೆಕ್ಟೇರ್ ಇತ್ತು. ರೆಡಿ ರೆಕನರ್ ದರ (ಸರ್ಕಾರದ ಮಾರ್ಗಸೂಚಿ ದರ) ಚದರ ಮೀಟರಿಗೆ ಹನ್ನೆರಡು ಸಾವಿರದ ಆಸುಪಾಸು ಹಿಡಿದರೂ 42 ಕೋಟಿ. 2013ರ ಭೂಸ್ವಾಧೀನ ಕಾಯ್ದೆಯ ಶೇ 100 ಸೊಲೇಶಿಯಂ (ಕಡ್ಡಾಯ ಸ್ವಾಧೀನಕ್ಕೆ ಕೊಡುವ ಹೆಚ್ಚುವರಿ ಮೊತ್ತ) ಸೇರಿದರೆ 84 ಕೋಟಿ. ದಾರಿದೀಪದ ಬಿಲ್ಲಿಗೇ ಒದ್ದಾಡುವ ಪುರಸಭೆ ಇಷ್ಟು ಹಣ ಎಲ್ಲಿಂದ ತರಬೇಕು? ಹಣವಿಲ್ಲದೆ ಹಾಕಿದ ಮೀಸಲಿಗೆ ಕಲಂ 127 ಕಾದಿರುತ್ತದೆ: ಹತ್ತು ವರ್ಷವಾದ ಮೇಲೆ ಮಾಲೀಕರು ಖರೀದಿ ನೋಟಿಸ್ ಕೊಡುತ್ತಾರೆ, 24 ತಿಂಗಳಲ್ಲಿ ಸ್ವಾಧೀನದ ಕ್ರಮ ಶುರುವಾಗದಿದ್ದರೆ ಮೀಸಲು ರದ್ದು. ವಲಯಕ್ಕೆ ಈ ಅವಧಿಯ ಭಯವಿಲ್ಲ. ಹಸಿರು ಪಟ್ಟಿಯನ್ನು ಮೀಸಲಾಗಿ ಅಲ್ಲ, ವಲಯವಾಗಿ ತೋರಿಸಬೇಕೆಂದು ನಾವು ಹಟ ಹಿಡಿದದ್ದು ಇದಕ್ಕೇ.

ಎರಡನೆಯದು, ನಿಯಮದ ಪುಸ್ತಕದಲ್ಲೇ ಹೊಸ ಸಾಲು ಸೇರಿಸಲು ಹೊರಡುವುದು. ಯುಡಿಸಿಪಿಆರ್ 2020ರ ಡಿಸೆಂಬರ್‌ನಿಂದ ಮುಂಬಯಿ ಮತ್ತು ಕೆಲವು ಪ್ರದೇಶ ಬಿಟ್ಟು ಇಡೀ ರಾಜ್ಯಕ್ಕೆ ಒಂದೇ. ಒಂದು ಪುರಸಭೆ ತನ್ನ ಹಳ್ಳಕ್ಕಾಗಿ ಅದನ್ನು ತಿದ್ದಿಸಲು ಹೊರಟರೆ ಕಡತ ಮುಂಬಯಿಯ ಸಚಿವಾಲಯವಾದ ಮಂತ್ರಾಲಯದಲ್ಲಿ ಕೊಳೆಯುತ್ತದೆ. ನಿಯಮದ ಪಠ್ಯ ಮುಟ್ಟಬೇಡಿ, ನಕಾಶೆ ಬದಲಿಸಿ. ಹಸಿರು ಪಟ್ಟಿ ಎಂಬ ವಲಯ ಪುಸ್ತಕದಲ್ಲಿ ಆಗಲೇ ಇದೆ. ನಕಾಶೆಯಲ್ಲಿ ಅದು ಎಲ್ಲಿ ಬೀಳುತ್ತದೆ ಎಂಬುದಷ್ಟೇ ನಮ್ಮ ಕೆಲಸ.

ಕಲಂ 37ಕ್ಕೆ ಇರುವ ಮುಖ್ಯ ಅಡ್ಡಿ, ಮಾರ್ಪಾಡಿನಿಂದ ಯೋಜನೆಯ ಸ್ವರೂಪ ಬದಲಾಗಬಾರದು ಎಂಬುದು. ಇದಕ್ಕೆ ವಾದ ಬೇಡ, ಅಂಕಿ ಸಾಕು. ಎರಡೂವರೆ ಕಿಲೋಮೀಟರಿಗೆ ಹದಿನೆಂಟು ಮೀಟರ್ ಅಗಲ ಅಂದರೆ ನಾಲ್ಕೂವರೆ ಹೆಕ್ಟೇರ್. ಡಿಪಿ ಕ್ಷೇತ್ರ ಒಂಬೈನೂರು ಹೆಕ್ಟೇರಿನಷ್ಟು. ಶೇ 0.5. ಈ ಸಾಲನ್ನು ಪ್ರಸ್ತಾವದ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕಿದ್ದೆವು. ಪರಿಸರ, ಹವಾಮಾನ ಬದಲಾವಣೆ ಎಂಬ ಮಾತುಗಳನ್ನು ಪ್ರಸ್ತಾವದಲ್ಲಿ ಒಂದೇ ಪ್ಯಾರಾಕ್ಕೆ ಮುಗಿಸಿದೆವು. ಅವುಗಳ ಮೇಲೆ ನಮಗೆ ನಂಬಿಕೆ ಕಡಿಮೆ ಎಂದಲ್ಲ. ಕಡತ ಮುಂದೆ ಹೋಗುವುದು ಕ್ಷೇತ್ರಫಲದ ಕೋಷ್ಟಕದಿಂದ.

ಈಗ ನಿಜವಾದ ಕೆಲಸ, ಅಂದರೆ ಹಳ್ಳ ಎಲ್ಲಿದೆ ಎಂಬುದು. ಡಿಪಿ ಹಾಳೆ 1:4000 ಅಳತೆಯದು. ಒಂದು ಮಿಲಿಮೀಟರ್ ದಪ್ಪದ ಗೆರೆ ಎಂದರೆ ನೆಲದ ಮೇಲೆ ನಾಲ್ಕು ಮೀಟರ್. ಒಂಬತ್ತು ಮೀಟರಿನ ಪಟ್ಟಿ ಆ ಹಾಳೆಯಲ್ಲಿ ಎರಡೂಕಾಲು ಮಿಲಿಮೀಟರ್. ಗೆರೆಯ ಈ ಅಂಚಿನಿಂದ ಹಿಡಿದೆವೋ ಆ ಅಂಚಿನಿಂದಲೋ ಎನ್ನುವುದರಲ್ಲೇ ಅರ್ಧ ಪಟ್ಟಿ ಮಾಯ. ಮೇಲಾಗಿ ಗಟ್ ನಕಾಶೆಯ ಹಳ್ಳವೂ ಡಿಪಿಯ ಹಳ್ಳವೂ ತಿರುವುಗಳಲ್ಲಿ ಹತ್ತು ಹನ್ನೆರಡು ಮೀಟರ್ ಆಚೀಚೆ ಇದ್ದವು. ಹಿಂದೆ ಬೇರೆಡೆ ಕೋರ್ಟಿನಲ್ಲಿ ಬಿದ್ದ ಪ್ರಸ್ತಾವಗಳು ಬಿದ್ದದ್ದು ಇಂಥ ಕಡೆಯೇ.

ನಾವು ಮಾಡಿದ್ದು ಇಷ್ಟು. ಊರಿನ ಎರಡು ತುದಿಗೆ ಕಾಂಕ್ರೀಟ್ ಕಂಬ ನೆಟ್ಟು, ಡಿಜಿಪಿಎಸ್ ಎಂಬ ನಿಖರ ಉಪಗ್ರಹ ಅಳತೆಯಿಂದ ಅವುಗಳ ನಿರ್ದೇಶಾಂಕ ಹಿಡಿದೆವು (ಯುಟಿಎಂ ಎಂಬ ನಕಾಶೆ ಜಾಲದ 43ನೇ ವಲಯ). ಅಲ್ಲಿಂದ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಸರ್ವೆ ಯಂತ್ರ). ನೇರ ಭಾಗದಲ್ಲಿ ಇಪ್ಪತ್ತು ಮೀಟರಿಗೊಂದು, ತಿರುವಿನಲ್ಲಿ ಹತ್ತು ಮೀಟರಿಗೊಂದು ಅಡ್ಡಛೇದ, ಪ್ರತಿ ಬದಿಗೆ ಇಪ್ಪತ್ತೈದು ಮೀಟರ್ ತನಕ. ಅಳತೆಗೆ ಜನವರಿ–ಫೆಬ್ರವರಿ ಸರಿ, ಪೊದೆ ಒಣಗಿರುತ್ತದೆ. ಆದರೆ ನೆರೆಯ ಮಟ್ಟವನ್ನು ಅಕ್ಟೋಬರ್‌ನಲ್ಲೇ ಗುರುತು ಹಾಕಿಕೊಳ್ಳಬೇಕು. ಕಾಂಪೌಂಡ್ ಗೋಡೆಯ ಮೇಲಿನ ಕೆಸರಿನ ಗೆರೆ ದೀಪಾವಳಿಯ ಸುಣ್ಣಬಣ್ಣಕ್ಕೆ ಅಳಿಸಿಹೋಗುತ್ತದೆ. ಮಧ್ಯರೇಖೆಯನ್ನು ತಳದ ಅತಿ ಆಳದ ಬಿಂದುವಿನಿಂದ ತೆಗೆಯಬೇಡಿ, ಅದು ಪ್ರತಿ ಮಳೆಗಾಲಕ್ಕೆ ಸರಿಯುತ್ತದೆ. ಎರಡು ದಂಡೆಗಳ ಮೇಲಂಚಿನ ನಡುಬಿಂದು ಹಿಡಿಯಿರಿ. ದಂಡೆಯನ್ನು ರಾಡಾರೋಡಾ (ಒಡೆದ ಕಟ್ಟಡದ ಕಸ) ಸುರಿದು ಮುಚ್ಚಿದ ಕಡೆ ಭೂಮಿ ಅಭಿಲೇಖ (ಭೂದಾಖಲೆ) ಕಚೇರಿಯ ಹಳೆಯ ಮೋಜಣಿ ಹಾಳೆಯೇ ಆಧಾರ. ಕೊನೆಗೆ ಮಧ್ಯರೇಖೆಯ ಪ್ರತಿ ಬಿಂದುವಿನ ನಿರ್ದೇಶಾಂಕಗಳ ಪಟ್ಟಿಯನ್ನೇ ಅಧಿಸೂಚನೆಗೆ ಅನುಸೂಚಿಯಾಗಿ ಜೋಡಿಸಿದೆವು. ಗೆರೆಯ ದಪ್ಪದ ಜಗಳ ಅಲ್ಲಿಗೆ ಮುಗಿಯಿತು.

ಪಟ್ಟಿಯನ್ನು ಅಂಚಿನಿಂದ ಅಳೆಯಬೇಕೆನ್ನುವವರಿಗೆ ಬೆಂಗಳೂರಿನ ಉದಾಹರಣೆ ಇದೆ. ಅಲ್ಲಿಯ ಪರಿಷ್ಕೃತ ಮಾಸ್ಟರ್ ಪ್ಲಾನ್, ಅಂದರೆ ಆರ್‌ಎಂಪಿ 2015ರಲ್ಲಿ, ಪ್ರಾಥಮಿಕ, ದ್ವಿತೀಯ, ತೃತೀಯ ರಾಜಕಾಲುವೆಯ ಬಫರ್ ಕ್ರಮವಾಗಿ 50, 25, 15 ಮೀಟರ್, ಮಧ್ಯರೇಖೆಯಿಂದ ಇತ್ತು. ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) 2016ರ ಮೇಯಲ್ಲಿ ಅದನ್ನು ಅಂಚಿನಿಂದ 50, 35, 25 ಮಾಡಿತು. ಸುಪ್ರೀಂ ಕೋರ್ಟ್ 2019ರ ಮಾರ್ಚ್ 5ರಂದು ಅದನ್ನು ತೆಗೆದುಹಾಕಿ ಮಾಸ್ಟರ್ ಪ್ಲಾನಿನ ಅಳತೆಯನ್ನೇ ಉಳಿಸಿತು. ಬಫರ್ ಅಗಲವಾದಷ್ಟೂ ಒಳ್ಳೆಯದೇ, ಆದರೆ ಕಾಯ್ದೆಯ ಯೋಜನಾ ಪ್ರಕ್ರಿಯೆಯ ಒಳಗಿಂದ ಬಾರದ ಬಫರ್ ನಿಲ್ಲುವುದಿಲ್ಲ. ಇನ್ನು ಅಂಚು ಎಂಬುದು ಮಾಲೀಕರು ಮಣ್ಣು ಸುರಿದಂತೆಲ್ಲ ಹಳ್ಳದೊಳಕ್ಕೆ ನಡೆಯುವ ವಸ್ತು. ಮಧ್ಯರೇಖೆಯಿಂದ ಒಂಬತ್ತಕ್ಕೆ ಹಳ್ಳದ ಅರ್ಧ ಅಗಲ ಕೂಡಿಸಿ ಒಂದೇ ಅಂಕಿ ಬರೆದರೆ ಆ ಆಟ ನಡೆಯುವುದಿಲ್ಲ.

ಒಂಬತ್ತೇ ಏಕೆ ಎಂದು ವಿಚಾರಣೆಯಲ್ಲಿ ಕೇಳಿಯೇ ಕೇಳುತ್ತಾರೆ. ಜಲಸಂಪನ್ಮೂಲದವರ ನೀಲಿ ಗೆರೆ, ಅಂದರೆ 25 ವರ್ಷಕ್ಕೊಮ್ಮೆ ಬರುವ ನೆರೆ, ಮತ್ತು ಕೆಂಪು ಗೆರೆ, ಅಂದರೆ 100 ವರ್ಷದ್ದು, ನದಿಗಿರುತ್ತವೆ; ನಮ್ಮ ಈ ಓಢೆಗೆ (ಮರಾಠಿಯಲ್ಲಿ ಹಳ್ಳ) ಇರಲಿಲ್ಲ. ಹಾಗಾಗಿ ಲೆಕ್ಕ ನಮ್ಮದೇ. ಜಲಾನಯನ 180 ಹೆಕ್ಟೇರ್, ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲು) 0.6, ಗಂಟೆಗೆ 60 ಮಿಲಿಮೀಟರ್ ಮಳೆ. 0.6 × 60 × 180 ಭಾಗಿಸು 360 (ಅಳತೆಯ ಮಾನ ಹೊಂದಿಸಲು), ಸೆಕೆಂಡಿಗೆ 18 ಘನ ಮೀಟರ್. ಹಳ್ಳದ ಪಾತ್ರ ನಾಲ್ಕು ಮೀಟರ್ ಅಗಲ, ಒಂದೂವರೆ ಆಳ, ವೇಗ ಸೆಕೆಂಡಿಗೆ ಎರಡು ಮೀಟರ್ ಹಿಡಿದರೆ 12 ಘನ ಮೀಟರ್ ಹೋಗುತ್ತದೆ. ಉಳಿದ ಆರು ದಂಡೆ ಹತ್ತಬೇಕು. ಹದಿನೆಂಟು ಮೀಟರ್ ಅಗಲದಲ್ಲಿ ಅರ್ಧ ಮೀಟರ್ ಆಳ, 0.7 ವೇಗ: 6.3. ಅಲ್ಲಿಗೆ ಸರಿಹೋಯಿತು. ಆರು ಮೀಟರ್ ಸಾಕು ಎಂದವರಿಗೆ ಇದೇ ಲೆಕ್ಕ ಮಾಡಿ ತೋರಿಸಿದರೆ ನೀರು ಮುಕ್ಕಾಲು ಮೀಟರ್ ಏರುತ್ತದೆ, ತಳಮಹಡಿಯ ಪಾರ್ಕಿಂಗ್ ರ‍್ಯಾಂಪಿನಿಂದ ಒಳಗೆ ನುಗ್ಗುತ್ತದೆ.

ಮಾಲೀಕರನ್ನು ಒಪ್ಪಿಸಿದ್ದು ಗಟ್‌ವಾರು ಕೋಷ್ಟಕ. ಉದಾಹರಣೆಗೆ 4000 ಚದರ ಮೀಟರ್ ಜಾಗ, ಹಳ್ಳಕ್ಕೆ ಐವತ್ತು ಮೀಟರ್ ಮುಖ. ಪಟ್ಟಿಗೆ ಹೋಗುವುದು 450. ಮೂಲ ಎಫ್‌ಎಸ್‌ಐ 1.1ರಂತೆ ಅದರ ಕಟ್ಟುವ ಹಕ್ಕು 495 ಚದರ ಮೀಟರ್. ಅದನ್ನು ಉಳಿದ ಜಾಗದಲ್ಲೇ ಬಳಸಬಹುದು ಎಂಬ ಷರತ್ತನ್ನು ಮಾರ್ಪಾಡಿನ ಪಠ್ಯದಲ್ಲೇ ಬರೆಸಿದೆವು. 4400 ಚದರ ಮೀಟರ್ 3550ರ ಮೇಲೆ ಕುಳಿತರೆ 1.24 ಆಗುತ್ತದೆ, ನಾಲ್ಕು ಮಹಡಿಯ ಕಟ್ಟಡಕ್ಕೆ ಅರ್ಧ ಮಹಡಿ ಹೆಚ್ಚು, ಅಷ್ಟೇ. ಪ್ರತಿ ಗಟ್‌ಗೂ ಇದೇ ಲೆಕ್ಕ, ಮಾಲೀಕರ ಹೆಸರಿನ ಎದುರು, ಮರಾಠಿಯಲ್ಲಿ, ಒಂದೇ ಹಾಳೆ. ಬಿಲ್ಡರ್‌ಗಳ ಆರ್ಕಿಟೆಕ್ಟ್‌ಗಳು ತಪ್ಪು ಹುಡುಕಲು ತಂದು ಕೂತರು, ಸಿಗಲಿಲ್ಲ.

ಈ ಲೆಕ್ಕ ಮುರಿಯುವುದು ಸಣ್ಣ ಜಾಗಗಳಲ್ಲಿ. ಎಂಟು ಗುಂಠೆ, ಇಪ್ಪತ್ತಕ್ಕೆ ನಲವತ್ತು ಮೀಟರ್, ಉದ್ದದ ಬದಿಯೇ ಹಳ್ಳಕ್ಕೆ: 800ರಲ್ಲಿ 360 ಹೋಯಿತು. ಎದುರಿಗೆ 9 ಮೀಟರಿಗಿಂತ ಕಿರಿದಾದ ರಸ್ತೆ ಇದ್ದರೆ ಪ್ರೀಮಿಯಂ (ಹಣ ಕಟ್ಟಿ ಪಡೆಯುವ ಹೆಚ್ಚುವರಿ ಎಫ್‌ಎಸ್‌ಐ) ಇಲ್ಲ, ಟಿಡಿಆರ್ ಇಲ್ಲ, ಮಾರ್ಜಿನ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ) ಬಿಟ್ಟರೆ ಕಟ್ಟಡವೇ ಕೂರುವುದಿಲ್ಲ. ಇಂಥ ಕಡೆ ಪಟ್ಟಿಯನ್ನು ಎದುರು ದಂಡೆಗೆ, ಅಲ್ಲಿ ಗಾಯರಾನ್ (ಗೋಮಾಳ) ಅಥವಾ ಪುರಸಭೆಯ ಜಾಗ ಇದ್ದಷ್ಟೂ, ಸರಿಸಿದೆವು. ಒಟ್ಟು ಅಗಲ ಹದಿನೆಂಟಕ್ಕಿಂತ ಕಡಿಮೆಯಾಗದ ಹಾಗೆ. ಯಾವ ಗಟ್ ಮೊದಲು, ಯಾವುದು ಆಮೇಲೆ ಎಂಬ ಕ್ರಮದಲ್ಲೇ ಇದರ ಜಾಣತನ ಇರುವುದು. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ, ನಮ್ಮ ಕಚೇರಿ ನಡೆಯುವುದೇ ಅದರಿಂದ.

ಇನ್ನೊಂದು ಬೇಡಿಕೆ ಖಂಡಿತ ಬರುತ್ತದೆ: 0.4 ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡ ಜಾಗದವರು ಬಿಡಬೇಕಾದ ಶೇ 10 ತೆರೆದ ಜಾಗವನ್ನು ಈ ಪಟ್ಟಿಯಲ್ಲೇ ತೋರಿಸುತ್ತೇವೆ ಎಂದು. ಪೂರ್ತಿ ಒಪ್ಪಬೇಡಿ. ಮುಂಬಯಿಯ ಕಟ್ಟಡ ನಿಯಮಾವಳಿಯಾದ ಡಿಸಿಪಿಆರ್ 2034 ನೋಡಿ. ಅಲ್ಲಿ 2000 ಚದರ ಮೀಟರ್ ಪ್ಲಾಟಿಗೆ ಶೇ 15 ಲೇಔಟ್ ತೆರೆದ ಜಾಗ, ಅಂದರೆ 300. ಅದರ ಶೇ 60 ನೆಲದ ಮೇಲೆ, 180. ಅದರಲ್ಲಿ ಅರ್ಧಕ್ಕೆ ಮಾತ್ರ ಬರಿಮಣ್ಣು ಕಡ್ಡಾಯ, 90. ಪ್ಲಾಟಿನ ಶೇ 4.5 ಮಾತ್ರ ನೀರು ಕುಡಿಯುವ ನೆಲ. ರಿಯಾಯಿತಿಯ ಮೇಲೆ ರಿಯಾಯಿತಿ ಕೂಡಿದರೆ ಮಣ್ಣು ಉಳಿಯುವುದು ಇಷ್ಟೇ. ನಾವು ಅರ್ಧಕ್ಕೆ ಒಪ್ಪಿ, ಉಳಿದರ್ಧ ಪಟ್ಟಿಯ ಹೊರಗೆ, ಕೆಳಗೆ ಬೇಸ್‌ಮೆಂಟ್ ಇಲ್ಲದ ಜಾಗದಲ್ಲಿ ಎಂದು ಬರೆಸಿದೆವು.

ಪ್ರಕ್ರಿಯೆಯಲ್ಲಿ ಎಡವುವುದು ನೋಟಿಸಿನಲ್ಲಿ. ಸರ್ವಸಾಧಾರಣ ಸಭೆಯ ಠರಾವು, ಗೆಜೆಟ್, ಒಂದು ತಿಂಗಳ ಆಕ್ಷೇಪ–ಸಲಹೆ ಎಲ್ಲರಿಗೂ ಗೊತ್ತು. ಬಾಧಿತರಾಗುವ ಪ್ರತಿಯೊಬ್ಬರಿಗೂ ಖುದ್ದು ನೋಟಿಸ್ ಹೋಗಬೇಕು ಎಂಬ ಮಾತನ್ನು ಜನ ಹಗುರವಾಗಿ ಓದುತ್ತಾರೆ. ಅರವತ್ತರಷ್ಟು ಗಟ್, ಸಾತ್‌ಬಾರಾದಲ್ಲಿ (ಪಹಣಿ) ನಾನೂರಕ್ಕೂ ಹೆಚ್ಚು ಹೆಸರು, ಅದರಲ್ಲಿ ಎಷ್ಟೋ ಜನ ತೀರಿಕೊಂಡವರು. ಫೇರ್‌ಫಾರ್ (ಖಾತೆ ಬದಲಾವಣೆಯ ದಾಖಲೆ) ತೆಗೆದು ವಾರಸುದಾರರನ್ನು ಹುಡುಕಬೇಕು, ವಾಪಸ್ ಬಂದ ಲಕೋಟೆಯನ್ನು ಒಡೆಯದೆ ಕಡತದಲ್ಲಿ ಇಡಬೇಕು, ಜಾಗದ ಮೇಲೆ ನೋಟಿಸ್ ಅಂಟಿಸಿ ಪಂಚನಾಮೆ ಮಾಡಬೇಕು, ತಲಾಠಿ (ಗ್ರಾಮ ಲೆಕ್ಕಿಗ) ಚಾವಡಿಯಲ್ಲೂ ಹಾಕಬೇಕು. ರಿಜಿಸ್ಟರ್ಡ್ ಅಂಚೆ, ಪತ್ರಿಕೆ ಜಾಹೀರಾತು ಸೇರಿ ಲಕ್ಷದ ಹತ್ತಿರ ಆಯಿತು. ಸರ್ವೆಗೆ ಮೂರು ಲಕ್ಷದಷ್ಟು. ಭೂಮಿ ಅಭಿಲೇಖದ ಜಂಟಿ ಮೋಜಣಿ ಶುಲ್ಕ ಸೇರಿದರೆ ಒಟ್ಟು ಒಂಬತ್ತು–ಹತ್ತು ಲಕ್ಷ. 84 ಕೋಟಿಯ ಪಕ್ಕ ಇಟ್ಟು ನೋಡಿ. ನಮ್ಮ ಶುಲ್ಕದ ಕೊನೆಯ ಕಂತು ಮಾತ್ರ ಇನ್ನೂ ಬಂದಿಲ್ಲ.

ಇಡೀ ಹಳ್ಳವನ್ನು ಒಂದೇ ಮಾರ್ಪಾಡಾಗಿ ಕಳಿಸಬೇಡಿ. ಗಟ್‌ಗಳ ಗುಂಪು ಮಾಡಿ ಎಂ–1, ಎಂ–2 ಎಂದು ಬೇರೆ ಬೇರೆ ಸಂಖ್ಯೆ ಕೊಟ್ಟರೆ ಒಂದಕ್ಕೆ ತಡೆಯಾಜ್ಞೆ ಬಂದರೂ ಉಳಿದವು ಸಾಗುತ್ತವೆ. ನಮ್ಮಲ್ಲಿ ಆದದ್ದೂ ಹಾಗೆಯೇ. ನೋಟಿಸ್ ಪ್ರಕಟವಾದ ಮರುದಿನದಿಂದ ಕಟ್ಟಡ ಪರವಾನಗಿ ಅರ್ಜಿಗಳು ಸಾಲುಗಟ್ಟುತ್ತವೆ. ಅರವತ್ತು ದಿನ ಸುಮ್ಮನಿದ್ದರೆ ಕಲಂ 45ರ ಅಡಿ ಪರವಾನಗಿ ಸಿಕ್ಕಿತೆಂದೇ ಅರ್ಜಿದಾರರು ಹೇಳುತ್ತಾರೆ. ಪ್ರಕಟಿತ ಪ್ರಸ್ತಾವವನ್ನೂ ಗಣನೆಗೆ ತೆಗೆದುಕೊಳ್ಳಬೇಕೆನ್ನುವ ಕಲಂ 46 ಹಿಡಿದು, ಗಡುವಿನೊಳಗೇ ಲಿಖಿತ ಉತ್ತರ ಹೋಗುವಂತೆ ನೋಡಿಕೊಳ್ಳಿ.

ಜೊತೆಗೆ ಮಾಡಿ ನೋಡಿದ ಒಂದೆರಡು ಪ್ರಯೋಗ. ಪಟ್ಟಿಯಲ್ಲಿ ಇಂಗುಗುಂಡಿ ತೋಡಿಸಿದೆವು, ಒಂದೂವರೆ ಮೀಟರ್ ವ್ಯಾಸ, ಎರಡು ಮೀಟರ್ ಆಳ. ಮೇಲೆ ಎರೆಮಣ್ಣು ದಪ್ಪ ಇದ್ದ ಕಡೆ ಮೊದಲ ಮಳೆಗಾಲಕ್ಕೇ ಜಿನುಗು ಮಣ್ಣು ತುಂಬಿ ಕೆರೆಯಂತೆ ನಿಂತಿತು. ಮುರುಮು (ಗರಸು) ಮೇಲೆ ಬಂದಿರುವಲ್ಲಿ ನೀರು ರಾತ್ರಿ ಕಳೆಯುವಷ್ಟರಲ್ಲಿ ಇಳಿಯಿತು. ಅಡಿಯಲ್ಲಿ ಬಿರುಕಿಲ್ಲದ ಕರಿಕಲ್ಲು ಸಿಕ್ಕಿದರೆ ಗುಂಡಿಯೇ ಬೇಡ, ಆ ದುಡ್ಡನ್ನು ಗಿಡಕ್ಕೆ ಹಾಕಿ. ಹೊಂಗೆ, ಅತ್ತಿ, ಹೊಳೆಮತ್ತಿ ಹಿಡಿದವು. ಸುಬಾಬುಲ್ ತಾನೇ ಬಂದು ಎಲ್ಲವನ್ನೂ ಮುಚ್ಚುತ್ತದೆ, ಸಸಿ ಇರುವಾಗಲೇ ಕೀಳಿಸಬೇಕು.

ಕಾಂಪೌಂಡ್ ಗೋಡೆಯ ವಿಷಯವನ್ನು ಮಾತ್ರ ಯಾರೂ ಬಿಡಬಾರದು. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯ ಆಂಬಿಲ್ ಓಢೆ ಉಕ್ಕಿದಾಗ ಅರಣ್ಯೇಶ್ವರದ ಬಳಿ ಗೋಡೆ ಕುಸಿದು ಜನ ಸತ್ತರು. ಹಳ್ಳಕ್ಕೆ ಅಡ್ಡ ನಿಂತ ಗಟ್ಟಿ ಗೋಡೆ ಮೊದಲು ನೀರನ್ನು ತಡೆಯುತ್ತದೆ, ಆಮೇಲೆ ಒಮ್ಮೆಲೇ ಒಡೆಯುತ್ತದೆ. ಪಟ್ಟಿಯೊಳಗೆ ಜಾಲರಿ ಬೇಲಿ ಮಾತ್ರ, ಕಂಬದ ಅಡಿಪಾಯ ಬಿಟ್ಟು ಬೇರೆ ಕಲ್ಲುಗಾರೆ ಇಲ್ಲ ಎಂಬ ಷರತ್ತು ನಮ್ಮ ಪಠ್ಯದಲ್ಲಿದೆ.

ಉಳಿದಿರುವುದು ಮೋರಿ. ಊರೊಳಗಿನ ರಸ್ತೆಯಡಿ 1200 ಮಿಲಿಮೀಟರಿನ ಎರಡು ಹ್ಯೂಮ್ ಪೈಪ್ ಇವೆ. ಎರಡರದೂ ಸೇರಿ 2.26 ಚದರ ಮೀಟರ್, ವೇಗ ಎರಡೂವರೆ ಹಿಡಿದರೂ ಐದೂಮುಕ್ಕಾಲು ಘನ ಮೀಟರ್ ದಾಟುವುದಿಲ್ಲ. ಹದಿನೆಂಟು ಬರುವ ಹಳ್ಳಕ್ಕೆ ಇದು ಮೂರನೇ ಒಂದು ಪಾಲು. ಆರು ಮೀಟರ್ ತೆರಪಿನ ಬಾಕ್ಸ್ ಮೋರಿಯ ಅಂದಾಜುಪಟ್ಟಿ ಪುರಸಭೆಗೆ ಕೊಟ್ಟಿದ್ದೇವೆ. ಅದು ಆಗುವ ತನಕ ರಸ್ತೆಯ ಮೇಲ್ಬದಿಯ ನೂರು ಮೀಟರ್ ಉದ್ದಕ್ಕೆ ಪಟ್ಟಿಯ ಲೆಕ್ಕ ನಂಬಿ ಯಾರಿಗೂ ಬೇಸ್‌ಮೆಂಟ್ ಪರವಾನಗಿ ಕೊಡಬಾರದೆಂದು ಲಿಖಿತವಾಗಿ ಹೇಳಿದ್ದೇವೆ.